ಮುತ್ತಕ್ಕ ಚುಚ್ಚುಮೀನುಗಳಿಗೆ ಬೈದ ದಿನ

ಕಡಲಿಗೆ ಹಾಕಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಅಲೆಗಳಿಗೆ ದಡದ ತನಕ ಬಂದ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಬಂದವು ಬಂದಲ್ಲೇ ನಿಂತು ಒಂದರ ಮುಖ ಒಂದು ನೋಡುತ್ತಿದ್ದವು. ಗಾಳಿಗೂ ದಾರಿ ತಿಳಿಯದು. ಯಾರ್ಯಾರದೋ ಅಡುಗೆಮನೆಗೆ ನುಗ್ಗಿ, ಒಲೆ ಆರಿಸಿ, ಬೈಸಿಕೊಂಡು ಹೊರಗೆ ಬರುತ್ತಿತ್ತು. ಲೋಕ ಅಷ್ಟು ಹೊಸದು ಆಗ.

ಲೋಕ ಹೊಸದಾದರೆ ಮಾತೂ ಹೊಸದೇ ಅಲ್ಲವೇ? ಆಗಿನ ಮಾತು ಇನ್ನೂ ಹಸಿ. ಈಗ ತಾನೇ ಸಾರಿಸಿದ ನೆಲಕ್ಕೆ ಕಾಲಿಟ್ಟರೆ ಗುರುತು ಮೂಡುತ್ತದಲ್ಲ, ಹಾಗೆ ಬಾಯಿಂದ ಬಿದ್ದ ಮಾತು ಯಾರ ಮೇಲೆ ಬಿತ್ತೋ ಅವರ ಮೈಗೆ ಅಂಟಿಬಿಡುತ್ತಿತ್ತು. ಅದಕ್ಕೇ ಎಲ್ಲರೂ ಅಳೆದು ತೂಗಿ ಮಾತಾಡುತ್ತಿದ್ದರು.

ಎಲ್ಲರೂ ಅಂದರೆ, ಮುತ್ತಕ್ಕನನ್ನು ಬಿಟ್ಟು ಎಲ್ಲರೂ.

ಮುತ್ತಕ್ಕ ಇದ್ದದ್ದು ಕಡಲ ದಡದ ಗುಡಿಸಲಲ್ಲಿ. ಅವಳ ಕೆಲಸ ಮೀನು ವಿಂಗಡಿಸುವುದು. ಬಲೆ ಎಳೆದು ದಡಕ್ಕೆ ಸುರಿದರೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಬಂಗುಡೆ ಈ ಬುಟ್ಟಿಗೆ, ಬೂತಾಯಿ ಆ ಬುಟ್ಟಿಗೆ, ಸಿಗಡಿ ಕಾಲ ಹತ್ತಿರದ ಬುಟ್ಟಿಗೆ. ಕೈ ಹೋದಷ್ಟೇ ವೇಗವಾಗಿ ಬಾಯಿಯೂ ಹೋಗುತ್ತಿತ್ತು. ಬಂಗುಡೆಗೆ ಒಂದು ಬೈಗುಳ, ಬೂತಾಯಿಗೆ ಒಂದು ಬೈಗುಳ. ಸಿಟ್ಟೇನೂ ಇಲ್ಲ, ಅವಳ ಕೆಲಸದ ರೀತಿಯೇ ಹಾಗೆ. ಬಾಯಿ ನಿಂತರೆ ಕೈಯೂ ನಿಲ್ಲುತ್ತಿತ್ತು.

ಆದರೆ ಮಾತು ಅಂಟುವ ಕಾಲ ನೋಡಿ. ಒಂದು ದಿನ ಏಡಿಯೊಂದು ಬುಟ್ಟಿಯಿಂದ ಬುಟ್ಟಿಗೆ ಹತ್ತಿ ಇಳಿದು ಅವಳ ಪ್ರಾಣ ತಿನ್ನುತ್ತಿತ್ತು. ನೆಟ್ಟಗೆ ನಡೆಯಲಿಕ್ಕೆ ಬರುವುದಿಲ್ಲವಾ ನಿನಗೆ, ಬರೀ ಅಡ್ಡ ಅಡ್ಡ ಅಂದಳು. ಏಡಿ ಅವತ್ತಿನಿಂದ ನೆಟ್ಟಗೆ ನಡೆದದ್ದಿಲ್ಲ. ಇನ್ನೊಂದು ದಿನ ಚಪ್ಪಟೆ ಮೈಯ ನಂಗುಮೀನು ಅವಳನ್ನು ಕಂಡು ಮುಖ ತಿರುಗಿಸಿತು. ನಿನ್ನ ಕಣ್ಣೆಲ್ಲ ಒಂದೇ ಬದಿಗೆ ಹೋಯಿತಾ ಎಂದು ಕೇಳಿದಳು. ಹೋಯಿತು.

ಕಡಲು ಅವಳ ಮನೆ ಬಾಗಿಲಿಗೇ ಬಂತು. ಹೊಸ್ತಿಲು ಒದ್ದೆ ಮಾಡಿ ನಿಂತು, ಇಷ್ಟು ಕಷ್ಟಪಟ್ಟು ಮಾಡಿದ ಜೀವಗಳನ್ನು ನೀನು ಒಂದೊಂದಾಗಿ ಸೊಟ್ಟ ಮಾಡುತ್ತ ಹೋದರೆ ಹೇಗೆ ಎಂದು ಅಳು ಬರುವ ಹಾಗೆ ಕೇಳಿತು. ಮುತ್ತಕ್ಕನಿಗೂ ನಾಚಿಕೆಯಾಯಿತು. ಇನ್ನು ಕಡಲಿನ ಒಂದು ಜೀವಕ್ಕೂ ಬೈಯುವುದಿಲ್ಲ ಎಂದು ಉಪ್ಪುನೀರು ಮುಟ್ಟಿ ಮಾತು ಕೊಟ್ಟಳು.

ಕೊಟ್ಟದ್ದೇನೋ ಕೊಟ್ಟಳು, ಉಳಿಸಿಕೊಳ್ಳುವುದು ಸುಲಭವೇ? ಮರುದಿನದಿಂದ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಕೂರಲು ಶುರುಮಾಡಿದಳು. ಬೈಗುಳ ಬಂದಾಗಲೆಲ್ಲ ಅಡಿಕೆಯ ಜೊತೆ ಜಗಿದು ನುಂಗುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು. ಆದರೂ ಬೈಯಲಿಲ್ಲ.

ಅವಳಿಗೊಬ್ಬಳು ಮಗಳು, ಬಾಗಿ ಅಂತ. ತಾಯಿಯ ಬಾಯಿ ಮಗಳಿಗೂ ಬಂದಿತ್ತು. ಮುತ್ತಕ್ಕ ಒಂದು ಅಂದರೆ ಬಾಗಿ ಎರಡು ಹೇಳುತ್ತಿದ್ದಳು. ಮಗಳನ್ನು ಗದರಿಸುವಾಗ ಮಾತ್ರ ಮುತ್ತಕ್ಕ ಎಚ್ಚರಿಕೆ ಬಿಡುತ್ತಿರಲಿಲ್ಲ. ಕತ್ತೆ, ಕೋತಿ ಎಂಬ ಮಾತು ನಾಲಗೆಯ ತುದಿಗೆ ಬಂದರೂ ಹಲ್ಲು ಕಚ್ಚಿ ತಡೆಯುತ್ತಿದ್ದಳು. ಮಗಳಿಗೆ ಬಾಲ ಬಂದರೆ ಯಾರು ಹೊಣೆ?

ಬಾಗಿ ಎದುರು ಮಾತಾಡುತ್ತಿದ್ದಷ್ಟು ಹೊತ್ತು ಮುತ್ತಕ್ಕನಿಗೆ ನೆಮ್ಮದಿ. ಸುಮ್ಮನೆ ಕೂತರೆ ಮಾತ್ರ ಅನುಮಾನ. ಉಪ್ಪಿನ ಮಡಕೆ ಒಡೆದ ದಿನ ಎಷ್ಟು ಕೇಳಿದರೂ ತುಟಿ ಪಿಟಕ್ಕೆನ್ನದೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು ಹುಡುಗಿ.

ಇನ್ನು ಆ ಚುಚ್ಚುಮೀನುಗಳ ವಿಷಯ. ನೆನೆದರೇ ತಲೆ ಚಿಟ್ಟು ಹಿಡಿಯುತ್ತದೆ.

ಮೀನುಗಳನ್ನೆಲ್ಲ ಮಾಡಿ ಮುಗಿಸುವ ಹೊತ್ತಿಗೆ ಕಡಲಿಗೇ ಸಾಕುಬೇಕಾಗಿತ್ತು. ಉಳಿದ ಕೆಸರನ್ನೆಲ್ಲ ಒಂದೇ ಅಚ್ಚಿಗೆ ಒತ್ತಿತು. ಉಳಿದ ಮುಳ್ಳನ್ನೆಲ್ಲ ಬೆನ್ನಿಗೆ ಸಿಕ್ಕಿಸಿತು. ಬೇರೆ ಬೇರೆ ಕರಟದಲ್ಲಿ ಬೇರೆ ಬೇರೆ ವಿಷ ಉಳಿದಿತ್ತು. ಅದನ್ನೂ ಕೈಗೆ ಸಿಕ್ಕ ಮುಳ್ಳಿಗೆ ಸವರಿ, ಇನ್ನು ಹೊರಡಿ ಅಂದುಬಿಟ್ಟಿತು. ಯಾವ ವಿಷ ಯಾರಿಗೆ ಸವರಿದೆ ಎಂದು ಅದಕ್ಕೂ ನೆನಪಿಲ್ಲ, ಸವರಿಸಿಕೊಂಡವಕ್ಕೂ ಗೊತ್ತಿಲ್ಲ.

ಹಾಗಾಗಿ ಅವೆಲ್ಲ ಒಂದೇ ಥರ. ಅದೇ ಒದ್ದೆ ಇಟ್ಟಿಗೆಯ ಬಣ್ಣ, ಅದೇ ಅಗಲ ಬಾಯಿ, ಅದೇ ಊದಿಕೊಂಡ ಮುಖ. ಜನ ಎಲ್ಲವನ್ನೂ ಸೇರಿಸಿ ಚುಚ್ಚುಮೀನು ಅನ್ನುತ್ತಿದ್ದರು. ಬಲೆಗೆ ಬಿದ್ದರೆ ಕೋಲಿನಿಂದ ತಳ್ಳಿ ಕಡಲಿಗೇ ವಾಪಸು ಹಾಕುತ್ತಿದ್ದರು. ಯಾವ ಬುಟ್ಟಿಗೂ ಸೇರದ ಮೀನುಗಳಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಇಳಿತವಿತ್ತು. ನೀರು ಹಿಂದೆ ಸರಿದು ಕರೀ ಬಂಡೆಗಳು ಮೈ ತೋರಿಸಿದ್ದವು. ಬಾಗಿ ಚಿಪ್ಪು ಹೆಕ್ಕಲು ಹೋದವಳು ಬಂಡೆಗಳ ನಡುವಿನ ಗುಂಡಿಯಲ್ಲಿ ಕಾಲಿಟ್ಟಳು, ಅಡಿಯಲ್ಲಿದ್ದ ಚುಚ್ಚುಮೀನು ಚುಚ್ಚಿತು. ಕಿರುಚಿದ್ದು ಗುಡಿಸಲಿನ ತನಕ ಕೇಳಿತು. ಮುತ್ತಕ್ಕ ಓಡಿಹೋಗಿ ಎತ್ತಿಕೊಂಡು ಬರುವಷ್ಟರಲ್ಲಿ ಪಾದ ಬುಟ್ಟಿಯ ಬುಡದಷ್ಟು ಊದಿತ್ತು.

ವಿಷ ಇಳಿಸುವುದಕ್ಕೆ ಆ ದಡದಲ್ಲಿ ಇದ್ದದ್ದು ಕೊಗ್ಗಜ್ಜ ಒಬ್ಬನೇ. ಬಂದವನು ಬಾಗಿಯ ಪಾದವನ್ನು ಬಿಸಿನೀರಲ್ಲಿ ಇಡಿಸಿದ. ಆಮೇಲೆ ಪಾದದ ಹತ್ತಿರ ಬಗ್ಗಿ ಕೂತು, ಚುಚ್ಚುಮೀನಿನ ವಿಷವೇ, ಬಂದ ದಾರಿಯಲ್ಲೇ ಹೊರಟು ಬಾ ಎಂದು ಕರೆದ. ವಿಷ ಹಿಮ್ಮಡಿಯ ತನಕ ಇಳಿಯಿತು. ಅಲ್ಲಿ ನಿಂತಿತು. ಕರೆದದ್ದು ನನ್ನನ್ನೋ ಇನ್ನೊಬ್ಬರನ್ನೋ ಎಂದು ಯೋಚಿಸುವ ಹಾಗೆ ಸ್ವಲ್ಪ ಹೊತ್ತು ತಡೆದು, ಮತ್ತೆ ಮೇಲೆ ಹತ್ತಿತು. ಅಜ್ಜ ಮತ್ತೆ ಕರೆದ. ಮತ್ತೆ ಅದೇ ಕತೆ.

ಕೊಗ್ಗಜ್ಜ ಬೆವರು ಒರೆಸಿಕೊಂಡ. "ಓಣಿಯಲ್ಲಿ ನಿಂತು 'ಏ ಮಗಾ' ಅಂತ ಕೂಗಿದರೆ ಯಾರ ಮಗ ಬರ್ತಾನೆ ಮಾರಾಯ್ತಿ? ಹೆಸರು ಹಿಡಿದು ಕರೆದರೆ ಬರ್ತದೆ. ಚುಚ್ಚಿದ್ದು ಯಾವ ಜಾತಿಯದ್ದು ಅಂತ ನೋಡಿ ಹೆಸರು ತಾ. ನೀರು ಏರಿದ ಹಾಗೆ ವಿಷವೂ ಏರ್ತದೆ. ಭರತದ ಏರುನೀರು ದಡ ಮುಟ್ಟುವ ಮೊದಲು ತಾ."

ಜಾತಿಯೇ ಇಲ್ಲದ ಮೀನಿಗೆ ಹೆಸರೆಲ್ಲಿಂದ ತರುವುದು? ಆದರೆ ಬಾಗಿ ಕಣ್ಣು ಮುಚ್ಚಿ ಮಲಗಿದ್ದಳು, ಅವಳ ಬಾಯಿಂದ ಒಂದು ಮಾತೂ ಇಲ್ಲ. ಆ ಮೌನ ನೋಡಿಯೇ ಮುತ್ತಕ್ಕನ ಜೀವ ಹಾರಿಹೋಗಿತ್ತು. ಒಂದು ಹಿಡಿ ಎಲೆ ಅಡಿಕೆ ಬಾಯಿಗೆ ತುರುಕಿ, ಖಾಲಿ ಬುಟ್ಟಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂಡೆಗಳ ಕಡೆಗೆ ಓಡಿದಳು.

ಇಳಿತದಲ್ಲಿ ಸಿಕ್ಕಿಕೊಂಡ ಚುಚ್ಚುಮೀನುಗಳೆಲ್ಲ ಅದೇ ಗುಂಡಿಯಲ್ಲಿದ್ದವು. ಭರತ ಬರುವ ತನಕ ಅವಕ್ಕೂ ಹೋಗಲು ದಾರಿಯಿಲ್ಲ. ಮುತ್ತಕ್ಕ ಬಂಡೆಯ ಮೇಲೆ ಕೂತು, ಬುಟ್ಟಿಗಳನ್ನು ನೀರಿನಲ್ಲೇ ಸಾಲಾಗಿ ಮುಳುಗಿಸಿಟ್ಟಳು. ಅವಳಿಗೆ ಗೊತ್ತಿದ್ದ ದಾರಿ ಇದೊಂದೇ. ಮೊದಲು ಬುಟ್ಟಿಗೆ ಹಾಕು, ಆಮೇಲೆ ಬುಟ್ಟಿಗೆ ಹೆಸರಿಡು.

ನನ್ನ ಮಗಳಿಗೆ ಚುಚ್ಚಿದ್ದು ಯಾರು ಎಂದು ಸಾವಧಾನದಲ್ಲೇ ಕೇಳಿದಳು. ಮೀನುಗಳು ಒಂದರ ಮುಖ ಒಂದು ನೋಡಿಕೊಂಡವು. ಚುಚ್ಚುಮೀನು ಅಂತೆ ಮುತ್ತಕ್ಕ, ಎಂದಿತು ಒಂದು. ಅದು ನನಗೂ ಗೊತ್ತುಂಟು, ಯಾವ ಚುಚ್ಚುಮೀನು? ನಾವೇ, ಎಂದಿತು ಇನ್ನೊಂದು. ನಾವು ಅಂದರೆ ಯಾರು? ಚುಚ್ಚುಮೀನು.

ಮುತ್ತಕ್ಕ ಅಡಿಕೆ ಜಗಿದಳು.

ಬಣ್ಣ ನೋಡಿ ವಿಂಗಡಿಸೋಣ ಎಂದುಕೊಂಡಳು. ಸ್ವಲ್ಪ ಕೆಂಪಗಿರುವವು ಈ ಬುಟ್ಟಿಗೆ, ಸ್ವಲ್ಪ ಕಂದಾಗಿರುವವು ಆ ಬುಟ್ಟಿಗೆ. ಕೆಂಪು ಬುಟ್ಟಿ ತುಂಬುತ್ತ ಬಂದದ್ದು ನೋಡಿ ಕಂದು ಬುಟ್ಟಿಯವಕ್ಕೆ ಹೊಟ್ಟೆಕಿಚ್ಚಾಯಿತು. ಜನ ಜಾಸ್ತಿ ಇರುವ ಕಡೆ ಏನೋ ಒಳ್ಳೆಯದಿರಬೇಕು ಎಂದು ಅವೂ ಕೆಂಪಾದವು. ಇವು ಕೆಂಪಾದದ್ದು ನೋಡಿ ಕೆಂಪು ಬುಟ್ಟಿಯವು, ಹಾಗಾದರೆ ನಾವ್ಯಾಕೆ ಇಲ್ಲಿರಬೇಕು ಎಂದು ಕಂದಾದವು. ಅವಳು ಕಣ್ಣು ಮಿಟುಕಿಸುವುದರೊಳಗೆ ಎರಡು ಬುಟ್ಟಿಯೂ ಕಲಸುಮೇಲೋಗರ.

ಮುತ್ತಕ್ಕ ಅಡಿಕೆ ಜಗಿದಳು.

ಹೋಗಲಿ, ಗಾತ್ರ ನೋಡೋಣ. ದೊಡ್ಡವನ್ನು ಒಂದು ಕಡೆ ಹಾಕಿದಳು, ಸಣ್ಣವನ್ನು ಒಂದು ಕಡೆ. ಸಣ್ಣವು ಅಳಲು ಶುರುಮಾಡಿದವು, ನಮ್ಮಮ್ಮ ಆಚೆ ಬುಟ್ಟಿಯಲ್ಲಿದ್ದಾಳೆ ಎಂದು. ದೊಡ್ಡವು ಬುಟ್ಟಿ ಹಾರಿ ಈಚೆ ಬಂದವು. ಬಂದು, ಯಾವ ಮರಿ ಯಾರದೆಂದು ತಮ್ಮ ತಮ್ಮಲ್ಲೇ ಜಗಳ. ಎಲ್ಲ ಒಂದೇ ಥರ ಇದ್ದರೆ ಅಮ್ಮಂದಿರಿಗೆ ತಾನೇ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಗಾಳಿ ಓಡಿ ಬಂತು. ದಾರಿ ತಪ್ಪಿ ಬೇರೆ ಮೂರು ಮನೆ ಸುತ್ತಿ ಬಂದದ್ದು, ಅದಕ್ಕೇ ತಡ. ವಿಷ ಮೊಣಕಾಲು ದಾಟಿದೆ, ಹುಡುಗಿಯ ಮೈ ಕೆಂಡದ ಹಾಗೆ ಸುಡುತ್ತಿದೆ ಎಂದು ಹೇಳಿ, ಹೇಳಿದ್ದು ಸರಿಯಾದ ಮನೆಯ ಸುದ್ದಿಯೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿ ಬರಲು ಹೋಯಿತು. ದೂರದಲ್ಲಿ ಕಡಲು ತಿರುಗಿ ಬರುತ್ತಿತ್ತು. ಹೊರಗಿನ ಬಂಡೆ ಆಗಲೇ ಮುಳುಗಿತ್ತು.

ಮುತ್ತಕ್ಕ ಗುಂಡಿಯ ಮೇಲೆ ಇನ್ನಷ್ಟು ಬಗ್ಗಿದಳು. ಒಂದು ಉಪಾಯ ಉಳಿದಿತ್ತು. ಬೆನ್ನಿನ ಮುಳ್ಳು ಎಣಿಸಿದರೆ? ಎಲ್ಲಕ್ಕೂ ಮುಳ್ಳುಂಟು ನಿಜ, ಎಲ್ಲಕ್ಕೂ ಅಷ್ಟೇ ಉಂಟು ಅಂತ ಯಾರು ಹೇಳಿದ್ದು? ಕಡಲು ಸಾಕಾಗಿ ಸಿಕ್ಕಿಸಿದ್ದಲ್ಲವೇ, ಎಣಿಸಿ ಸಿಕ್ಕಿಸಿರಲಿಕ್ಕಿಲ್ಲ. ನಿಮಗೆ ಎಷ್ಟೆಷ್ಟು ಮುಳ್ಳು ಎಂದು ಒಬ್ಬೊಬ್ಬರಾಗಿ ಹೇಳಿ ಅಂದಳು.

ಅದೇ ತಪ್ಪಾಯಿತು. ಮೀನಿನ ಹೊರಗೆ ಇರುವುದೂ ಮುಳ್ಳು, ಒಳಗೆ ಇರುವುದೂ ಮುಳ್ಳು. ಊಟಕ್ಕೆ ಕೂತಾಗ ಮುಳ್ಳು ನೋಡಿ ತಿನ್ನು ಅನ್ನುವುದು ಯಾವ ಮುಳ್ಳು, ಕಾಲಿಗೆ ಮುಳ್ಳು ಚುಚ್ಚಿತು ಅನ್ನುವುದು ಯಾವ ಮುಳ್ಳು? ನಮ್ಮ ಭಾಷೆಯೇ ಹಾಗಿರುವಾಗ ಮೀನುಗಳನ್ನು ಅಂದು ಏನು ಫಲ.

ಗುಂಪಿನಲ್ಲಿ ನ್ಯಾಯ ಹೇಳುವ ಮೀನೊಂದಿತ್ತು. ಯಾರು ಏನು ಕೇಳಿದರೂ ಅದಕ್ಕೆ ಮೊದಲು ತಾನೊಂದು ಪ್ರಶ್ನೆ ಹಾಕಬೇಕು. ಅದು ಗಂಟಲು ಸರಿಮಾಡಿಕೊಂಡು ಮುಂದೆ ಬಂತು. "ಒಳಗಿನದ್ದಾ ಮುತ್ತಕ್ಕ, ಹೊರಗಿನದ್ದಾ? ಹೊರಗಿನದ್ದಾದರೆ ಬೆನ್ನು ತಿರುಗಿಸಿ ನೋಡ್ಬೇಕು. ಒಳಗಿನದ್ದಾದರೆ ನಮ್ಮನ್ನು ತಿಂದವರ ಹತ್ತಿರವೇ ಕೇಳ್ಬೇಕು."

ಹೊರಗಿನದ್ದು ಎಂದು ಅವಳು ಹೇಳುವಷ್ಟರಲ್ಲಿ ಅರ್ಧ ಮೀನುಗಳು ಒಳಗಿನದ್ದನ್ನು ಎಣಿಸಲು ಶುರುಮಾಡಿಬಿಟ್ಟಿದ್ದವು. ಬಾಲದಿಂದ ಹಿಡಿದು ನಡುವಿನ ತನಕ ಎಣಿಸಿ ಲೆಕ್ಕ ತಪ್ಪಿ ಮತ್ತೆ ಬಾಲಕ್ಕೆ. ಉಳಿದ ಅರ್ಧ, ತಮ್ಮ ಬೆನ್ನು ತಮಗೆ ಕಾಣದೆ, ಎಣಿಸಲೆಂದು ಗಿರಗಿರ ತಿರುಗುತ್ತಿದ್ದವು. ಒಂದು ಮೀನು ಪಕ್ಕದವನ ಮುಳ್ಳು ಎಣಿಸಿ ತನ್ನದೆಂದು ಹೇಳಿತು. ಇನ್ನೊಂದು, ಕಿವಿರಿನ ಪಕ್ಕ ಇರುವ ಸಣ್ಣದು ಲೆಕ್ಕಕ್ಕುಂಟಾ ಎಂದು ಕೇಳಿತು. ಇನ್ನೊಂದಕ್ಕೆ ಮುಳ್ಳಿನ ಚಿಂತೆಯೇ ಇಲ್ಲ, ನೀರಿನಲ್ಲಿ ತನ್ನ ನೆರಳು ನೋಡಿಕೊಂಡು, ನಾನು ಚೆಂದ ಕಾಣ್ತೇನಾ ಮುತ್ತಕ್ಕ ಎಂದು ಎಷ್ಟನೆಯ ಸಲವೋ ಕೇಳಿತು.

ಗುಂಡಿಯ ಬಾಯಿಗೆ ಭರತದ ಮೊದಲ ಅಲೆ ಬಂತು. ತುದಿಯಲ್ಲಿದ್ದ ಒಂದಷ್ಟು ಚುಚ್ಚುಮೀನುಗಳು ಅದರ ಬೆನ್ನೇರಿ, ನಾವು ಬರ್ತೇವೆ ಮುತ್ತಕ್ಕ ಎಂದು ಹೇಳಿ ಹೊರಟೇ ಹೋದವು.

ಮುತ್ತಕ್ಕನ ಪಿತ್ತ ನೆತ್ತಿಗೇರಿತು. ಬಾಯಲ್ಲಿದ್ದ ಎಲೆ ಅಡಿಕೆಯನ್ನೆಲ್ಲ ಥೂ ಎಂದು ಬಂಡೆಯ ಮೇಲೆ ಉಗಿದಳು. ಬಂಡೆ ಕೆಂಪಾಯಿತು. ಅಷ್ಟು ದಿನ ಜಗಿದು ನುಂಗಿದ ಬೈಗುಳವೆಲ್ಲ ಒಟ್ಟಿಗೆ ಮೇಲೆ ಬಂತು.

ಚೆಂದದ ಮೀನಿಗೆ ಮೊದಲು ಬಿತ್ತು. "ಮಗಳು ಸಾಯ್ತಾ ಬಿದ್ದಿದ್ದಾಳೆ, ನಿಂಗೆ ಚೆಂದದ ಚಿಂತೆಯಾ? ಪಟ್ಟೆಸೀರೆ ಉಟ್ಕೊಂಡು ಸೆರಗು ಬೀಸ್ಕೊಂಡು ತಿರುಗು ಹೋಗು!"

ಮಾತು ಹಸಿಯಿತ್ತಲ್ಲ, ಬಿದ್ದಲ್ಲೇ ಅಂಟಿತು. ಆ ಮೀನಿನ ಮೈತುಂಬ ಕೆಂಪು ಬಿಳಿ ಪಟ್ಟೆ ಎದ್ದಿತು. ರೆಕ್ಕೆಗಳೆಲ್ಲ ಉದ್ದುದ್ದ ಬೆಳೆದು ಸೆರಗಿನ ಹಾಗೆ ಹರಡಿಕೊಂಡವು. ಮೀನು ಬೆಚ್ಚಿಬಿದ್ದು, ನಾನೇನು ಮಾಡಿದೆ ಮುತ್ತಕ್ಕ, ಕೇಳಿದ್ದು ತಪ್ಪಾ ಎಂದು ಜೋರು ಮಾಡಿತು.

ನ್ಯಾಯ ಹೇಳುವ ಮೀನು ಮಧ್ಯೆ ಬಾಯಿ ಹಾಕಿತು. ಗಡ್ಡ ಬಂದವರ ಹಾಗೆ ನ್ಯಾಯ ಹೇಳಬೇಡ ಎಂದು ಅದಕ್ಕೂ ಬಿತ್ತು. ಅದರ ಗಲ್ಲದ ಕೆಳಗೆ ಜುಂಗು ಜುಂಗಾಗಿ ಗಡ್ಡ ಇಳಿಯಿತು. ಇದೆಂಥ ನ್ಯಾಯ, ಮೊದಲು ವಿಚಾರಣೆ ಆಗಬೇಕು ಎಂದು ಅದು ಗಡ್ಡ ಅಲ್ಲಾಡಿಸಿಕೊಂಡೇ ವಾದ ಹೂಡಿತು.

ಈ ಬುಟ್ಟಿಗೂ ಹೋಗದೆ ಆ ಬುಟ್ಟಿಗೂ ಹೋಗದೆ ನಡುವೆ ತೇಲುತ್ತಿದ್ದ ಒಂದಕ್ಕೆ, ಒಣಗಿದ ಎಲೆಯ ಹಾಗೆ ಓಲಾಡಬೇಡ ಅಂದಳು. ಅದು ಎಲೆಯಷ್ಟು ತೆಳ್ಳಗಾಗಿ ಅತ್ತಿತ್ತ ಓಲಾಡತೊಡಗಿತು. ಬುಟ್ಟಿಯಿಂದ ಬುಟ್ಟಿಗೆ ಹಾರುತ್ತಿದ್ದ ಇನ್ನೊಂದಕ್ಕೆ, ಕಾಲು ಬಂತಾ ನಿನಗೆ ಎಂದು ಕೇಳಿದಳು. ರೆಕ್ಕೆಯ ಬುಡದಲ್ಲಿ ಬೆರಳಿನಂಥ ಕಾಲು ಬಂದು, ಅದು ತಳದ ಮರಳಿನಲ್ಲಿ ನಡೆಯತೊಡಗಿತು. ನಡೆಯುತ್ತಲೇ, ಯಾರನ್ನು ಕೇಳಿ ಕೊಟ್ಟಿರಿ ಈ ಕಾಲು ಎಂದು ಗೊಣಗಿತು.

ಬೈದದ್ದೇ ಬೈದದ್ದು. ಬೈಸಿಕೊಂಡ ಮೀನುಗಳೆಲ್ಲ ಬೇರೆ ಬೇರೆಯಾದವು. ಬೇರೆಯಾದ ಪ್ರತಿಯೊಂದೂ ಎದುರು ಮಾತಾಡಿತು. ನಾನಲ್ಲ, ನಾನ್ಯಾಕೆ, ನನಗ್ಯಾಕೆ ಎಂದು ಗುಂಡಿಯೆಲ್ಲ ಗದ್ದಲ.

ಮೂಲೆಯಲ್ಲಿ ಒಂದು ಮೀನು ಮಾತ್ರ ಬೆಳಗಿನಿಂದ ಅಲ್ಲಾಡಿರಲಿಲ್ಲ. ಯಾವ ಬುಟ್ಟಿಗೂ ಹೋಗಿರಲಿಲ್ಲ. ಮುಳ್ಳು ಎಣಿಸಿರಲಿಲ್ಲ. ಮುತ್ತಕ್ಕ ಅದರ ಕಡೆ ತಿರುಗಿದಳು. "ನೀನೊಬ್ಬ ಬಾಕಿ. ಇಷ್ಟೆಲ್ಲ ಆಗ್ತಾ ಉಂಟು, ಕಲ್ಲು ಕೂತ ಹಾಗೆ ಕೂತಿದ್ದೀಯಲ್ಲ, ಕಲ್ಲು!"

ಆ ಮೀನಿನ ಮೈ ಗಡುಸಾಯಿತು. ಗಂಟು ಗಂಟಾಗಿ ಎದ್ದಿತು. ಮೇಲೆ ಪಾಚಿ ಹಿಡಿಯಿತು. ನೋಡುತ್ತಿದ್ದ ಹಾಗೇ ಬಂಡೆಯ ಒಂದು ತುಂಡಾಯಿತು. ಮುತ್ತಕ್ಕ ಉಸಿರು ತೆಗೆದುಕೊಳ್ಳಲು ನಿಂತಳು, ಇದೂ ಏನಾದರೂ ಅನ್ನುತ್ತದೆ ಎಂದು ಕಾದಳು.

ಅದು ಏನೂ ಅನ್ನಲಿಲ್ಲ.

ಇಷ್ಟು ಬೈದರೂ ತುಟಿ ಪಿಟಕ್ಕೆನ್ನಲಿಲ್ಲ. ಮುತ್ತಕ್ಕನಿಗೆ ಒಡೆದ ಉಪ್ಪಿನ ಮಡಕೆ ಕಣ್ಣ ಮುಂದೆ ಬಂತು. ಗೋಡೆಗೆ ಬೆನ್ನು ಕೊಟ್ಟು ಕೂತ ಬಾಗಿ ಕಣ್ಣ ಮುಂದೆ ಬಂದಳು. ಅವಳ ಸಿಟ್ಟೆಲ್ಲ ಅಲ್ಲೇ ಜರ್ರನೆ ಇಳಿಯಿತು. ಸೊಂಟದ ತನಕ ಬಂದ ನೀರಿನಲ್ಲಿ ಬಗ್ಗಿ, ಬೈಯುವ ದನಿ ಬಿಟ್ಟು ಮನೆಯ ದನಿಯಲ್ಲಿ ಕೇಳಿದಳು.

"ನೀನಾ?"

ಕಲ್ಲಿನೊಳಗಿಂದ ಸಣ್ಣ ದನಿ ಬಂತು. "ತುಳಿದಳು. ನೋವಾಯ್ತು, ಮುಳ್ಳು ಎದ್ದುಬಿಡ್ತು. ಹೇಳಿದರೆ ನೀವು ಬೈತೀರಿ ಅಂತ ಹೆದರಿದೆ."

ಮಡಕೆಯ ದಿನ ಕತ್ತಲಾದ ಮೇಲೆ ಬಾಗಿ ಹೇಳಿದ್ದೂ ಇದೇ ಮಾತು.

ಮುತ್ತಕ್ಕನಿಗೆ ನಿಂತು ಕೇಳಲು ಹೊತ್ತಿರಲಿಲ್ಲ. ಬುಟ್ಟಿಗಳನ್ನು ಅಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಅಲೆಯನ್ನು ಸೀಳಿಕೊಂಡು ದಡಕ್ಕೆ ಓಡಿದಳು. ಭರತದ ನೀರು ಅವಳ ಹಿಂದೆಯೇ ಓಡಿ ಬರುತ್ತಿತ್ತು. ಹೊಸ್ತಿಲು ದಾಟುವ ಮೊದಲೇ ಕಲ್ಲುಮೀನು ಅಜ್ಜ, ಕಲ್ಲುಮೀನು ಎಂದು ಕೂಗಿದಳು.

ಕೊಗ್ಗಜ್ಜ ಬಾಗಿಯ ಪಾದವನ್ನು ಹೊಸ ಬಿಸಿನೀರಿಗೆ ಇಳಿಸಿದ. ಕಲ್ಲುಮೀನಿನ ವಿಷವೇ, ಬಂದ ದಾರಿಯಲ್ಲೇ ಹೊರಟು ಬಾ ಎಂದು ಕರೆದ. ಹೆಸರು ಕೇಳಿದ್ದೇ ವಿಷ ಓಗೊಟ್ಟಿತು. ತೊಡೆಯಿಂದ ಇಳಿಯಿತು, ಮೊಣಕಾಲಿಂದ ಇಳಿಯಿತು, ಹಿಮ್ಮಡಿಯಲ್ಲಿ ಈ ಸಲ ನಿಲ್ಲಲಿಲ್ಲ. ನೀರು ಕಪ್ಪಾಯಿತು. ಕಡಲಿನ ಅಲೆ ದಡ ಮುಟ್ಟುವುದಕ್ಕೂ ಬಾಗಿ ಕಣ್ಣು ಬಿಡುವುದಕ್ಕೂ ಸರಿಯಾಯಿತು.

ಮಗಳು ಕಣ್ಣು ಬಿಟ್ಟರೆ ತಾಯಿ ಏನು ಮಾಡುತ್ತಾಳೆ? ಗದರಿಸಿದಳು. "ಕಣ್ಣು ಎಲ್ಲಿಟ್ಟು ನಡೀತಿದ್ದೆ? ಕೋ..." ಎಂದವಳು ಉಳಿದದ್ದನ್ನು ನುಂಗಿದಳು.

ಬಾಗಿ ಬತ್ತಿದ ದನಿಯಲ್ಲಿ, "ಕಣ್ಣು ಮುಖದಲ್ಲೇ ಇತ್ತು. ಮೀನೇ ದಾರಿಯಲ್ಲಿತ್ತು" ಎಂದಳು.

ಎದುರು ಮಾತು ಕೇಳಿ ಮುತ್ತಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತಳು.

ಕಡಲು ಮಾತ್ರ ಕೆಂಡವಾಗಿತ್ತು. ಪಟ್ಟೆಸೀರೆ, ಗಡ್ಡ, ಎಲೆ, ಕಾಲು ಎಲ್ಲ ನೋಡಿಕೊಂಡು ಬಂದು, ಉಪ್ಪುನೀರು ಮುಟ್ಟಿ ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಹೊಸ್ತಿಲಲ್ಲಿ ನಿಂತು ಕೇಳಿತು. ಮುತ್ತಕ್ಕ ತಪ್ಪಾಯಿತು ಅನ್ನಲಿಲ್ಲ. ನೀನು ಸರಿಯಾಗಿ ಮಾಡಿ ಕಳಿಸಿದ್ದರೆ ನನಗ್ಯಾಕೆ ಈ ಕರ್ಮ ಕಡಲಮ್ಮ, ನಿನ್ನ ಮಕ್ಕಳು ಯಾರ್ಯಾರು ಅಂತ ನಿನಗಾದರೂ ಗೊತ್ತಿತ್ತಾ ಎಂದು ತಿರುಗಿ ಕೇಳಿದಳು. ಕಡಲಿಗೆ ಉತ್ತರ ಬರಲಿಲ್ಲ. ಅದರ ಸಿಟ್ಟು ಇನ್ನೂ ಹೆಚ್ಚಾಯಿತು. ಉತ್ತರ ಬರದವರ ಸಿಟ್ಟು ಹಾಗೇ ಅಲ್ಲವೇ.

ಇನ್ನು ಸಾಕು, ಮಾಡಿದಷ್ಟು ಲೋಕ ಸಾಕು ಎಂದಿತು ಕಡಲು. ಯಾರ ಮಾತೂ ಇನ್ನು ಯಾರಿಗೂ ಅಂಟಬಾರದು, ಎಲ್ಲ ಮಾತನ್ನೂ ಬೀಸಿ ಒಣಗಿಸಿಬಿಡು ಎಂದು ಗಾಳಿಗೆ ಹೇಳಿತು.

ಮುತ್ತಕ್ಕನಿಗೆ ಆಗ ನೆನಪಾಯಿತು, ಗುಂಡಿಯ ಮೂಲೆಯಲ್ಲಿ ಹೆದರಿ ಕೂತ ಕಲ್ಲುಮೀನು. ಸ್ವಲ್ಪ ತಡಿ ಮಾರಾಯ, ಒಂದೇ ಒಂದು ಮಾತು ವಾಪಸು ತಗೋಬೇಕು ಎಂದು ಗಾಳಿಯನ್ನು ಬೇಡಿಕೊಂಡು ಓಡಿದಳು. ಈ ಗಾಳಿ ಹುಟ್ಟಿದಾಗಿನಿಂದ ಹೇಳಿದ ಕೆಲಸ ಹೊತ್ತಿಗೆ ಸರಿಯಾಗಿ ಮಾಡಿದ್ದಿಲ್ಲ. ಹೇಳಿದ ಮನೆಗೆ ಹೋದದ್ದಿಲ್ಲ. ಅವತ್ತು ಮಾತ್ರ ಮಾಡಿತು. ಅವಳು ನೀರಿಗಿಳಿದು ಕಲ್ಲುಮೀನಿನ ಹತ್ತಿರ ಬಗ್ಗುವಷ್ಟರಲ್ಲಿ ಲೋಕದ ಮಾತೆಲ್ಲ ಒಣಗಿ ಆಗಿತ್ತು.

"ನೀನು ಕಲ್ಲಲ್ಲ ಮಗಾ, ಮೀನು" ಎಂದಳು ಮುತ್ತಕ್ಕ.

ಮಾತು ಒಣ ಮರಳಿನ ಹಾಗೆ ಅದರ ಬೆನ್ನಿನ ಮೇಲಿಂದ ಉದುರಿಹೋಯಿತು. ಕಲ್ಲುಮೀನು ಬಾಯಿ ಮೇಲೆ ಮಾಡಿಕೊಂಡು ಅವಳನ್ನು ನೋಡುತ್ತಿತ್ತು. ಮತ್ತೆ ಹೇಳಿದಳು. ಮತ್ತೆ ಉದುರಿತು. ಹೊತ್ತು ಮುಳುಗುವ ತನಕ ಹೇಳಿದಳು.

ಮರುದಿನದಿಂದ ಇಳಿತಕ್ಕೆ ಬಂಡೆಯ ಕಡೆ ಹೋಗುವಾಗ ಮುತ್ತಕ್ಕ ಒಂದು ಕೋಲು ಹಿಡಿದು ಹೋಗುತ್ತಿದ್ದಳು. ಹೆಜ್ಜೆಗೊಮ್ಮೆ ನೀರಿನಲ್ಲಿ ಕೋಲು ಕುಟ್ಟಿ, ನಾನು ಬರ್ತಾ ಇದ್ದೇನೆ, ಸ್ವಲ್ಪ ಜರುಗಿಕೋ ಎಂದು ಹೇಳಿ ಆಮೇಲೆ ಕಾಲಿಡುತ್ತಿದ್ದಳು. ಬಾಗಿಗೂ ಅದನ್ನೇ ಕಲಿಸಿದಳು. ಬಾಗಿ ಅದಕ್ಕೂ ಏನೋ ಎದುರು ಹೇಳಿದಳಂತೆ, ಆದರೆ ಕೋಲು ಕುಟ್ಟಿದಳು.

ಅವತ್ತು ಮೊದಲ ಅಲೆಯ ಬೆನ್ನೇರಿ ಹೋದ ಚುಚ್ಚುಮೀನುಗಳಿಗೆ ಮುತ್ತಕ್ಕನ ಬೈಗುಳ ಸಿಗಲೇ ಇಲ್ಲ. ಮೀನಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದವರು ಇವತ್ತಿಗೂ ಅಂಥವನ್ನು ಎದುರಿಗಿಟ್ಟುಕೊಂಡು, ಮುಳ್ಳು ಎಣಿಸಿ, ಇದು ಆ ಜಾತಿಯದ್ದೋ ಈ ಜಾತಿಯದ್ದೋ ಎಂದು ತಲೆ ಕೆರೆದುಕೊಳ್ಳುವುದು ಅದಕ್ಕೇ. ಪಟ್ಟೆಸೀರೆಯ ಮೀನಿಗೆ ಈಗ ಸಿಂಹಮೀನು ಅಂತ ಹೆಸರು. ಅದು ಈಗಲೂ ಸೆರಗು ಬೀಸಿಕೊಂಡೇ ತಿರುಗುತ್ತದೆ.

ಮತ್ತೆ, ನಿಮ್ಮಮ್ಮ ನಿಮಗೆ ದಿನಕ್ಕೆ ಎಷ್ಟು ಸಲ ಕೋತಿ ಅಂದರೂ ನಿಮಗೆ ಬಾಲ ಬರುವುದಿಲ್ಲವಲ್ಲ, ಅದು ಗಾಳಿ ಅವತ್ತು ಬೀಸಿದ್ದರಿಂದ. ಆದರೆ ಕಡಲ ತಳದಲ್ಲಿ ಒಂದು ಮೀನು ಇಂದಿಗೂ ಕಲ್ಲಿನ ಹಾಗೆ ಅಲ್ಲಾಡದೆ, ಬಾಯಿ ಮೇಲೆ ಮಾಡಿಕೊಂಡು ಬಿದ್ದುಕೊಂಡಿರುವುದು, ಮುತ್ತಕ್ಕ ಅದಕ್ಕೆ ಮೊದಲು ಬೈದು ಆಮೇಲೆ ಕೇಳಿದ್ದರಿಂದ.